ಲೆಕ್ಕಪುಸ್ತಕದಲ್ಲಿ ಕಾಣದ ಬಂಡವಾಳ

ಟಿಡಿಎಸ್ ಕಟ್ಟಲು 7, ಜಿಎಸ್‌ಟಿಆರ್-1 ಸಲ್ಲಿಸಲು 11, 3ಬಿ ಸಲ್ಲಿಸಲು 20: ಮಾಸಿಕ ವಿವರಪತ್ರ ಸಲ್ಲಿಸುವ ವರ್ತಕ ಬಾಂಧವರಿಗೆ ಈ ತಾರೀಖುಗಳು ಕಂಠಪಾಠ. ರಕ್ತದೊತ್ತಡವನ್ನು ಕೊನೆಯ ಬಾರಿ ಪರೀಕ್ಷಿಸಿಕೊಂಡದ್ದು ಯಾವಾಗ ಎಂದು ಕೇಳಿದರೆ ಮಾತ್ರ ಅನೇಕರು ಉತ್ತರಿಸಲಾರರು.

ಬೆಳಿಗ್ಗೆ ಒಂಬತ್ತಕ್ಕೆ ಗಲ್ಲಾದ ಮುಂದೆ ಕುಳಿತವರು ಏಳುವುದು ರಾತ್ರಿ ಒಂಬತ್ತಕ್ಕೆ. ಊಟ ಮಧ್ಯಾಹ್ನ ಮೂರೂವರೆಗೆ, ಅದೂ ಫೋನಿನಲ್ಲಿ ಮಾತನಾಡುತ್ತ. ಬಂದ ಗಿರಾಕಿಗೊಂದು ಚಹಾ, ಜೊತೆಗೆ ತಮಗೂ ಒಂದು. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯು ನೌಕರನಿಗೆ ವಾರದ ರಜೆಯನ್ನು ಕಡ್ಡಾಯಗೊಳಿಸಿದೆ. ಮಾಲೀಕನ ರಜೆಯನ್ನು ಮಾಲೀಕನೇ ಮಂಜೂರು ಮಾಡಿಕೊಳ್ಳಬೇಕು. ಆ ಅರ್ಜಿಯನ್ನು ಆತ ಸದಾ ತಿರಸ್ಕರಿಸುತ್ತಾನೆ.

ಯಂತ್ರಕ್ಕೆ ವರ್ಷಕ್ಕೆ ಶೇ. 15 ಸವಕಳಿ ಬರೆಯುವ ಲೆಕ್ಕದಲ್ಲಿ ಯಜಮಾನನ ದೇಹದ ಸವಕಳಿಗೆ ಜಾಗವಿಲ್ಲ. ಏಕಮಾಲೀಕತ್ವದ ವ್ಯವಹಾರದಲ್ಲಾದರೋ ಯಾರಿಗೆ ಎಷ್ಟು ದಿನ ಉದ್ರಿ ಕೊಡಬಹುದು, ಯಾರ ಚೆಕ್ಕನ್ನು ನಂಬಬಹುದು ಎಂಬುದೆಲ್ಲ ಇರುವುದು ಒಬ್ಬರ ತಲೆಯಲ್ಲಿ. ಅವರು ಹಠಾತ್ತನೆ ಆಸ್ಪತ್ರೆ ಸೇರಿದರೆ ವಸೂಲಿ ನಿಲ್ಲುತ್ತದೆ, ಬ್ಯಾಂಕಿನ ಬಡ್ಡಿ ನಿಲ್ಲುವುದಿಲ್ಲ. ಪಾಲುದಾರಿಕೆಯೂ ಇದಕ್ಕೆ ಹೊರತಲ್ಲ. ಒಪ್ಪಂದದಲ್ಲಿ ಬೇರೆ ಏರ್ಪಾಡಿಲ್ಲದಿದ್ದರೆ ಪಾಲುದಾರರೊಬ್ಬರ ಮರಣದಿಂದ ಸಂಸ್ಥೆಯೇ ವಿಸರ್ಜನೆಗೊಳ್ಳುವುದೆಂದು 1932ರ ಪಾಲುದಾರಿಕೆ ಕಾಯ್ದೆ ವಿಧಿಸುತ್ತದೆ. ಪಾಲುಪತ್ರದ ಆ ಷರತ್ತನ್ನು ಆರೋಗ್ಯವಿರುವಾಗಲೇ ಒಮ್ಮೆ ಓದಿಕೊಳ್ಳುವುದು ಲೇಸು.

ಮುಂಜಾಗ್ರತಾ ಆರೋಗ್ಯ ತಪಾಸಣೆಯ ವೆಚ್ಚಕ್ಕೆ 5,000 ರೂ.ವರೆಗಿನ ಆದಾಯ ತೆರಿಗೆ ಕಡಿತವನ್ನು 2012ರ ಹಣಕಾಸು ಕಾಯ್ದೆ ಒದಗಿಸಿತು. ಆರೋಗ್ಯ ವಿಮೆಯ ಒಟ್ಟು ಮಿತಿಯೊಳಗೇ ಸೇರುವ ಈ ಮೊತ್ತವನ್ನು ನಗದಾಗಿ ಪಾವತಿಸಿದ್ದರೂ ಸಲ್ಲುತ್ತದೆ. ಹೊಸ ತೆರಿಗೆ ಪದ್ಧತಿಯನ್ನು ಅನುಸರಿಸುವವರಿಗೆ ಇದು ಲಭ್ಯವಿಲ್ಲ. ಹಾಗೆಂದು ತಪಾಸಣೆಯನ್ನೇ ಕೈಬಿಡುವುದು ವಿಚಿತ್ರ ಲೆಕ್ಕಾಚಾರ: ಶೇ. 30ರ ಹಂತದವರಿಗೂ ಇದರಿಂದ ಉಳಿಯುವ ತೆರಿಗೆ, ಸೆಸ್ ಬಿಟ್ಟು, 1,500 ರೂ. ಮಾತ್ರ. ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿದ್ದ ಶೇ. 18ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ರದ್ದಾಗಿದೆ. ರೋಗ ಕಾಣಿಸಿಕೊಂಡ ಮೇಲೆ ವಿಮೆಗೆ ಹೊರಟರೆ ಕಾಯುವ ಅವಧಿ ಎದುರಾಗುತ್ತದೆ.

ಅಧಿಕ ರಕ್ತದೊತ್ತಡ ಸಾಮಾನ್ಯವಾಗಿ ಯಾವ ಲಕ್ಷಣವನ್ನೂ ತೋರುವುದಿಲ್ಲ. ಅಳೆದರೆ ಮಾತ್ರ ತಿಳಿಯುತ್ತದೆ. ವಯಸ್ಕರಿಗೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುವುದು ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ವ್ಯಾಯಾಮ. ಅಂದರೆ ವಾರದಲ್ಲಿ ಐದು ದಿನ, ಅರ್ಧ ಗಂಟೆಯ ಚುರುಕಾದ ನಡಿಗೆ. ಫೋನನ್ನು ಮನೆಯಲ್ಲೇ ಬಿಟ್ಟು ಹೋದರೆ ಮನಸ್ಸಿಗೂ ಬಿಡುವು.

ಸೆಪ್ಟೆಂಬರ್‌ನಲ್ಲಿ ಆಡಿಟ್, ಅನಂತರ ದೀಪಾವಳಿ, ಮಾರ್ಚ್‌ನಲ್ಲಿ ವರ್ಷಾಂತ್ಯ. ತಪಾಸಣೆಗೆ ಹೊಂದುವುದು ಆಷಾಢ. ಹೇಗೂ ಮದುವೆ ಮುಹೂರ್ತಗಳಿರುವುದಿಲ್ಲ, ಗಿರಾಕಿಯೂ ಕಡಿಮೆ.