ಮಾವನ ಕಣ್ಣು ಮತ್ತು ಆರು ಗಂಟೆ

2021ರ ಅಕ್ಟೋಬರ್ 30, ಶನಿವಾರ. ಹಿಂದಿನ ದಿನವಷ್ಟೇ ಪುನೀತ್ ರಾಜ್‌ಕುಮಾರ್ ತೀರಿಕೊಂಡಿದ್ದರು. ಥಾಣೆಯ ನನ್ನ ಬಾಡಿಗೆ ಮನೆಯಲ್ಲಿ ಟಿವಿ ಹಾಕಿದರೆ ಹಿಂದಿ ಚಾನೆಲ್‌ಗಳಲ್ಲೆಲ್ಲ ಒಂದೇ ದೃಶ್ಯ. ಶಾರುಖ್ ಖಾನ್ ಅವರ ಮಗ ಜಾಮೀನಿನ ಮೇಲೆ ಆರ್ಥರ್ ರೋಡ್ ಜೈಲಿನಿಂದ ಬಾಂದ್ರಾದ ‘ಮನ್ನತ್’ಗೆ ವಾಪಸಾಗುತ್ತಿದ್ದರು. ಕಾರಿನ ಹಿಂದೆ ಕ್ಯಾಮೆರಾಗಳು, ಮನೆಯೆದುರು ಅಭಿಮಾನಿಗಳು, ಪಟಾಕಿ. ಮುಂದೆ ಆ ಪ್ರಕರಣದಲ್ಲಿ ಅವರ ಮೇಲೆ ಆರೋಪಪಟ್ಟಿಯೇ ದಾಖಲಾಗಲಿಲ್ಲ ಎನ್ನುವುದು ಬೇರೆ ಮಾತು. ಕನ್ನಡ ಚಾನೆಲ್‌ಗೆ ಬದಲಿಸಿದರೆ ಕಂಠೀರವ ಕ್ರೀಡಾಂಗಣದಲ್ಲಿ ಮುಗಿಯದ ಸಾಲು. ಅಲ್ಲಿ ಹಬ್ಬ, ಇಲ್ಲಿ ಸೂತಕ. ರಿಮೋಟ್ ಕೈಯಲ್ಲಿ ಹಿಡಿದು ನಾನು ಎರಡರ ನಡುವೆ ಕುಳಿತಿದ್ದೆ.

ಅಷ್ಟರಲ್ಲಿ ಡೊಂಬಿವಲಿಯಿಂದ ಮಾವನ ಫೋನು. “ಮಾಣಿ, ನಮ್ ಅಪ್ಪು ಹೋದ” ಎಂದವರಿಗೆ ಮುಂದೆ ಮಾತು ಹೊರಡಲಿಲ್ಲ. ಅರವತ್ತು ದಾಟಿದ, ಮಗಳ ಮದುವೆಯ ದಿನವೂ ಕಣ್ಣೀರು ಹಾಕದ ಮನುಷ್ಯ, ಒಮ್ಮೆಯೂ ಎದುರುಬದುರು ಕಾಣದ ಒಬ್ಬ ನಟನಿಗಾಗಿ ಬಿಕ್ಕಿ ಬಿಕ್ಕಿ ಅಳುತ್ತಿದ್ದರು.

ಮಾವ ಎಂದರೆ ನನ್ನ ಅಮ್ಮನ ಅಣ್ಣ. ಕುಂದಾಪುರದ ಕಡೆಯವರು. ಹದಿನಾಲ್ಕನೇ ವಯಸ್ಸಿಗೆ ಮುಂಬೈಗೆ ಬಂದು ಮಾಟುಂಗಾದ ಒಂದು ಉಡುಪಿ ಹೋಟೆಲಿನಲ್ಲಿ ಟೇಬಲ್ ಒರೆಸುವ ಕೆಲಸಕ್ಕೆ ಸೇರಿದರು. ಹಗಲು ಹೋಟೆಲು, ರಾತ್ರಿ ಕನ್ನಡ ರಾತ್ರಿಶಾಲೆ. ಹಾಗೇ ಮೆಟ್ರಿಕ್ ಮುಗಿಸಿ, ಟೈಪಿಂಗ್ ಕಲಿತು, ಒಂದು ಕಂಪನಿಯಲ್ಲಿ ಗುಮಾಸ್ತರಾದರು. ಮುಂಬೈ ಕನ್ನಡಿಗರಲ್ಲಿ ಇಂಥ ಕತೆ ಮನೆಗೊಂದು ಸಿಗುತ್ತದೆ. ಆ ದಿನಗಳಲ್ಲಿ ಅವರಿಗಿದ್ದ ಒಂದೇ ಐಷಾರಾಮ ಸಿನಿಮಾ. ಮಾಟುಂಗಾದ ಅರೋರಾ ಟಾಕೀಸಿನಲ್ಲಿ ದಕ್ಷಿಣದ ಸಿನಿಮಾ ಬರುತ್ತಿದ್ದವು. ರಾಜ್‌ಕುಮಾರ್ ಚಿತ್ರ ಎಲ್ಲಿ ಬಂದರೂ ರಜೆ ಕೇಳಿ ಹೋಗುತ್ತಿದ್ದರಂತೆ. “ವಾರಕ್ಕೊಂದ್ ಸಲ ಕನ್ನಡದಲ್ಲಿ ಯಾರಾದ್ರೂ ನಂಗೆ ಮರ್ಯಾದೆ ಕೊಟ್ ಮಾತಾಡಿದ್ ಹಾಂಗೆ ಆತಿತ್ತ್” ಎಂದು ಒಮ್ಮೆ ಹೇಳಿದ್ದರು. ಹೋಟೆಲಿನಲ್ಲಿ ಇಡೀ ದಿನ ‘ಏ ಛೋಕರಾ’ ಎನಿಸಿಕೊಳ್ಳುವ ಹುಡುಗನಿಗೆ ಅದು ಎಷ್ಟು ದೊಡ್ಡದು ಎಂಬುದು ಎಂ.ಟೆಕ್ ಮುಗಿಸಿ ನೇರ ಎ.ಸಿ. ಆಫೀಸಿಗೆ ಬಂದು ಕೂತ ನನಗೆ ಅರ್ಥವಾಗಲು ವರ್ಷಗಳೇ ಬೇಕಾದವು.

ಅಭಿಮಾನದ ಬಗ್ಗೆ ನನಗೆ ಮೊದಲಿನಿಂದ ಒಂದು ಅಸಡ್ಡೆ ಇತ್ತು. ಅದಕ್ಕೆ ಕಾರಣವೂ ಇತ್ತು. 2006ರ ಏಪ್ರಿಲ್‌ನಲ್ಲಿ ನಾನು ಸಿಇಟಿ ಕೋಚಿಂಗ್‌ಗೆಂದು ಬೆಂಗಳೂರಿನ ಚಿಕ್ಕಪ್ಪನ ಮನೆಯಲ್ಲಿದ್ದೆ. 12ರಂದು ಡಾ. ರಾಜ್‌ಕುಮಾರ್ ತೀರಿಕೊಂಡರು. ಆಮೇಲೆ ಎರಡು ದಿನ ಕಂಡದ್ದು ಹೊಗೆ, ಕಲ್ಲು, ಸುಟ್ಟ ಬಸ್ಸು. ಒಬ್ಬ ಪೊಲೀಸ್ ಪೇದೆಯೂ ಸೇರಿ ಹಲವರು ಸತ್ತರು. ಕಿಟಕಿ ಬಾಗಿಲು ಹಾಕಿಕೊಂಡು ಕೂತ ಹದಿನೇಳರ ಹುಡುಗನಿಗೆ ಅಭಿಮಾನ ಎಂದರೆ ಭಯ ಎಂದೇ ಆಯಿತು. ಅದೇ ದಿನ ರಾಜ್‌ಕುಮಾರ್ ಅವರ ಎರಡು ಕಣ್ಣುಗಳು ಇಬ್ಬರಿಗೆ ದೃಷ್ಟಿ ಕೊಡಲು ಹೋಗಿದ್ದವು ಎಂಬ ಸುದ್ದಿ ಆ ಗಲಾಟೆಯಲ್ಲಿ ನನ್ನ ಕಿವಿಗೆ ಬೀಳಲೇ ಇಲ್ಲ. 1994ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ತಮ್ಮ ಹೆಸರಿನ ನೇತ್ರ ಬ್ಯಾಂಕ್ ಶುರುವಾದಾಗಲೇ ಅವರು ಮಾತು ಕೊಟ್ಟಿದ್ದರು. ಮನೆಯವರು ಅದನ್ನು ಉಳಿಸಿಕೊಂಡರು. 2017ರಲ್ಲಿ ಪಾರ್ವತಮ್ಮನವರು ಹೋದಾಗಲೂ ಕಣ್ಣು ಕೊಟ್ಟರು. 2021ರಲ್ಲಿ ಕಿರಿಯ ಮಗನ ಸರದಿ.

ನಾನು ಟಿವಿ ಮುಂದೆ ಕೂತಿದ್ದ ಆ ಶನಿವಾರವೇ ಪುನೀತ್ ಅವರ ಕಣ್ಣುಗಳನ್ನು ನಾಲ್ವರಿಗೆ ಜೋಡಿಸಲಾಗಿತ್ತು. ಎರಡು ಕಣ್ಣು, ನಾಲ್ಕು ಜನ ಹೇಗೆ? ಓದಿ ತಿಳಿದುಕೊಂಡೆ. ಕಣ್ಣುದಾನ ಎಂದರೆ ಇಡೀ ಕಣ್ಣನ್ನು ಇನ್ನೊಬ್ಬರಿಗೆ ಕೂರಿಸುವುದಲ್ಲ. ಕಣ್ಣಿನ ಮುಂಭಾಗದಲ್ಲಿ ಗಾಜಿನಂತಿರುವ ಪಾರದರ್ಶಕ ಪೊರೆ, ಅಂದರೆ ಕಾರ್ನಿಯಾ, ಅದನ್ನು ಮಾತ್ರ ಬದಲಾಯಿಸುತ್ತಾರೆ. ಈಗ ಆ ಪೊರೆಯನ್ನೂ ಪದರ ಬಿಡಿಸುತ್ತಾರೆ. ಮುಂದಿನ ಪದರ ಕೆಟ್ಟವರಿಗೆ ಮುಂದಿನದು, ಹಿಂದಿನ ಪದರ ಕೆಟ್ಟವರಿಗೆ ಹಿಂದಿನದು. ಹದಿನೈದು ವರ್ಷ ಹಿಂದೆ ಅಪ್ಪನ ಕಣ್ಣು ಇಬ್ಬರಿಗಾಯಿತು, ಈಗ ಮಗನದು ನಾಲ್ವರಿಗೆ. ಸಾಫ್ಟ್‌ವೇರಿನವನಾದ ನನಗೆ ಇದರಷ್ಟು ಚೆಂದದ ‘ಅಪ್‌ಗ್ರೇಡ್’ ಬೇರೆ ಕಂಡಿಲ್ಲ.

ಮುಂದಿನ ದಿನಗಳಲ್ಲಿ ಕರ್ನಾಟಕದಲ್ಲಿ ಸಾವಿರಾರು ಜನ ನೇತ್ರದಾನದ ಸಂಕಲ್ಪ ಮಾಡಿದರು. ನಾನೂ ರಾತ್ರಿ ಹನ್ನೊಂದಕ್ಕೆ ಕೂತು ಆನ್‌ಲೈನ್ ಫಾರ್ಮ್ ತುಂಬಿದೆ. ಬಂದ ಕಾರ್ಡನ್ನು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಿದೆ. ಅರವತ್ತು ಜನ ನೋಡಿದರು, ಹನ್ನೆರಡು ಹೃದಯ ಬಂತು. ಏನೋ ಸಾಧಿಸಿದವನಂತೆ ಮಲಗಿದೆ. ಆ ವಾರ ಮಾವನ ಮನೆಗೆ ಹೋದಾಗ ಅವರು ಅಡುಗೆಮನೆಯ ಗೋಡೆಯಲ್ಲಿದ್ದ ಅಣ್ಣಾವ್ರ ಫೋಟೋದ ಪಕ್ಕ ಪೇಪರಿನಿಂದ ಕತ್ತರಿಸಿದ ಅಪ್ಪು ಚಿತ್ರ ಅಂಟಿಸಿದ್ದರು. ನನ್ನ ಕಾರ್ಡ್ ನೋಡಿ, “ಅಪ್ಪನ ಹಾಂಗೆ ಮಗನೂ ಕೊಟ್ಟ. ನಂದೂ ಕೊಡ್ಕ್ ಮಾಣಿ, ಮರೀಬೇಡ” ಎಂದರು. ನಾನು ನಕ್ಕು, “ನಿಮ್ಮ ಪೊರೆ ಆಪರೇಷನ್ ಆದ ಕಣ್ಣು, ಶುಗರ್ ಬೇರೆ, ಯಾರು ತಗೊಳ್ತಾರೆ?” ಎಂದು ತಮಾಷೆ ಮಾಡಿದೆ. ಅವರೂ ನಕ್ಕರು. ಮಾತು ಅಲ್ಲಿಗೇ ನಿಂತಿತು. ನಾನು ಹೇಳಿದ್ದು ತಪ್ಪು ಎಂದು ಆಮೇಲೆ ತಿಳಿಯಿತು. ಪೊರೆ ಆಪರೇಷನ್ ಆದವರು, ಸಕ್ಕರೆ ಕಾಯಿಲೆ, ಬಿ.ಪಿ. ಇರುವವರು, ಕನ್ನಡಕ ಹಾಕುವವರು, ಎಂಬತ್ತು ದಾಟಿದವರು ಕೂಡ ಕೊಡಬಹುದು.

2023ರ ಮಳೆಗಾಲದ ಒಂದು ರಾತ್ರಿ, ಹನ್ನೊಂದೂವರೆಗೆ, ಮಾವ ಹೃದಯಾಘಾತದಿಂದ ಹೋದರು. ಮನೆಯ ಹತ್ತಿರದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ. ನಾನು ತಲುಪುವಾಗ ಹನ್ನೆರಡೂಕಾಲು. ಅತ್ತೆ ಬೆಂಚಿನ ಮೇಲೆ ಕೂತಿದ್ದರು. ಅಳುತ್ತಿರಲಿಲ್ಲ, ಗೋಡೆ ನೋಡುತ್ತಿದ್ದರು. ಮಗ ಪುಣೆಯಿಂದ ಹೊರಟಿದ್ದ, ಮಳೆಯಿಂದ ದಾರಿ ನಿಧಾನ.

ಮಾವನ ಮಾತು ನನಗೆ ನೆನಪಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂದ ಹತ್ತೇ ನಿಮಿಷಕ್ಕೆ ನೆನಪಾಗಿತ್ತು. ಸಾವಿನ ನಂತರ ಸುಮಾರು ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು ಎಂದು ಫಾರ್ಮ್ ತುಂಬುವಾಗಲೇ ಓದಿದ್ದೆ. ಗಡಿಯಾರ ನೋಡಿದೆ. ಐದೂವರೆಯವರೆಗೆ ಸಮಯವಿದೆ. ಅತ್ತೆಯ ಮುಖ ನೋಡಿದೆ. ಗಂಡ ಹೋಗಿ ಒಂದು ಗಂಟೆಯಾಗಿಲ್ಲ, ಈಗ ಕಣ್ಣಿನ ಮಾತೆತ್ತುವುದೇ? ಮಗ ಬರಲಿ ಎಂದುಕೊಂಡೆ. ಆಸ್ಪತ್ರೆಯವರೂ ಏನೂ ಕೇಳಲಿಲ್ಲ. ಎರಡಾಯಿತು, ಮೂರಾಯಿತು. ಚಹಾ ತಂದೆ. ಬಿಲ್ ಕಟ್ಟಿದೆ. ಆ್ಯಂಬುಲೆನ್ಸಿಗೆ ಹೇಳಿದೆ. ಮಾಡಬೇಕಾದ ಒಂದು ಕೆಲಸ ಬಿಟ್ಟು ಉಳಿದ ಎಲ್ಲ ಕೆಲಸ ಮಾಡಿದೆ. ಮಗ ಬಂದದ್ದು ಆರಕ್ಕೆ. ಏಳು ಗಂಟೆಗೆ ನಾನು ಅವನನ್ನು ಬದಿಗೆ ಕರೆದು ವಿಷಯ ಹೇಳಿದಾಗ ಅವನು ತಕ್ಷಣ “ಮಾಡೋಣ” ಎಂದ. ನೇತ್ರ ಬ್ಯಾಂಕಿಗೆ ಫೋನ್ ಮಾಡಿದೆ. ಸಮಯ ಕೇಳಿದರು. ಆ ಕಡೆಯ ಹೆಣ್ಣುಮಗಳು ತುಂಬ ಮೃದುವಾಗಿ, ತಡವಾಯಿತು ಎಂದು ಹೇಳಿದಳು.

ಉತ್ತರಕ್ರಿಯೆ ಮುಗಿದ ಮೇಲೆ ಅತ್ತೆ ಕೇಳಿದರು. “ಆ ರಾತ್ರಿ ನೀ ಎಂತಕೆ ಹೇಳ್ಲಿಲ್ಲ ಮಾಣಿ? ಅವ್ರ್ ನಂಗೂ ಹೇಳಿದ್ರ್. ನೀ ಓದ್ದವ, ನೀ ಬಾಯಿ ಬಿಡ್ತೆ ಅಂದ್ಕಂಡ್ ನಾ ಸುಮ್ನೆ ಕೂಕಂಡಿದ್ದೆ.” ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಇನ್ನೊಬ್ಬರಿಗೆ ನೋವಾದೀತು ಎಂದು ಸುಮ್ಮನಿದ್ದೆವು. ಆ ಬೆಂಚಿನ ಮೇಲೆ ನಮ್ಮಿಬ್ಬರ ನಡುವೆ ಎರಡು ಅಡಿ ಜಾಗವೂ ಇರಲಿಲ್ಲ.

ಅಂದಿನಿಂದ ತಾರೆಯರು ಮತ್ತು ಸಮಾಜಸೇವೆಯ ಬಗ್ಗೆ ನನ್ನ ಲೆಕ್ಕ ಬದಲಾಗಿದೆ. ಸಿನಿಮಾದವರು ಹೇಳಿದರೆ ಏನು ಪ್ರಯೋಜನ ಎಂದು ಮೂಗು ಮುರಿಯುವವರಿದ್ದಾರೆ. ನಾನೂ ಹಾಗೇ ಇದ್ದೆ. ಆದರೆ ಪೋಲಿಯೋ ನೆನಪಿಸಿಕೊಳ್ಳಿ. ಅಮಿತಾಭ್ ಬಚ್ಚನ್ ಟಿವಿಯಲ್ಲಿ ಗದರಿಸಿ, ಬೇಡಿಕೊಂಡು ಎರಡು ಹನಿ ಹಾಕಿಸಿ ಎಂದಾಗ ದೇಶ ಕೇಳಿಸಿಕೊಂಡಿತು. 2011ರ ಜನವರಿಯ ಹೌರಾದ ಪ್ರಕರಣವೇ ಕೊನೆಯದು, 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೋ ಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು. ಆದರೆ ಹನಿ ಹಾಕಿದ್ದು ಅಮಿತಾಭ್ ಅಲ್ಲ. ಐಸ್ ಡಬ್ಬಿ ಹೆಗಲಿಗೆ ಹಾಕಿಕೊಂಡು ಧಾರಾವಿಯ ಗಲ್ಲಿಯಲ್ಲೂ ನಮ್ಮೂರ ಗದ್ದೆ ಅಂಚಿನಲ್ಲೂ ನಡೆದ ಹೆಣ್ಣುಮಕ್ಕಳು. ನಮ್ಮೂರಿಗೆ ಹತ್ತಿರದ ಪಡುಕೋಣೆಯ ಹೆಸರು ಹೊತ್ತ ದೀಪಿಕಾ 2015ರಲ್ಲಿ ತಮ್ಮ ಖಿನ್ನತೆಯ ಬಗ್ಗೆ ಬಹಿರಂಗವಾಗಿ ಹೇಳಿಕೊಂಡರು. ಅದರಿಂದ ಆ ಪದಕ್ಕೆ ನಮ್ಮ ಮನೆಗಳಲ್ಲಿ ಜಾಗ ಸಿಕ್ಕಿತು. ಆದರೆ ಊಟ ಬಿಟ್ಟು ಮಲಗಿರುವ ರೂಮ್‌ಮೇಟ್ ಹತ್ತಿರ “ಡಾಕ್ಟರ ಹತ್ರ ಹೋಗೋಣ್ವಾ” ಎಂದು ಕೇಳಬೇಕಾದವರು ನಾವೇ. ತಾರೆ ಮಾತು ಶುರುಮಾಡಿಕೊಡಬಹುದು. ಮನೆಯೊಳಗಿನ ಮಾತು ನಮ್ಮ ಪಾಲಿನದು.

ಇನ್ನೊಂದು ಕಹಿ ಸತ್ಯ. 2021ರ ಜೂನ್‌ನಲ್ಲಿ, ಅಪ್ಪು ಹೋಗುವ ನಾಲ್ಕು ತಿಂಗಳು ಮೊದಲು, ರಾಷ್ಟ್ರಪ್ರಶಸ್ತಿ ಪಡೆದ ನಟ ಸಂಚಾರಿ ವಿಜಯ್ ಬೈಕ್ ಅಪಘಾತದಲ್ಲಿ ತೀರಿಕೊಂಡರು. ಅವರ ಮನೆಯವರು ಅಷ್ಟು ದುಃಖದಲ್ಲೂ ಅಂಗಾಂಗ ದಾನ ಮಾಡಿದರು. ನಾನು ಆಗ ಯಾವ ಫಾರ್ಮನ್ನೂ ತುಂಬಲಿಲ್ಲ. ನಮ್ಮ ಒಳ್ಳೆಯತನಕ್ಕೂ ಬಾಕ್ಸ್ ಆಫೀಸ್ ಲೆಕ್ಕ ಇರುತ್ತದೆಯೇ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ.

ಅತ್ತೆ ಮಾತ್ರ ಸುಮ್ಮನೆ ಕೂರಲಿಲ್ಲ. ಮುಂದಿನ ಚಳಿಗಾಲದಲ್ಲಿ ಅವರ ಬಿಲ್ಡಿಂಗಿನ ಮೂರನೇ ಮಹಡಿಯ ಮರಾಠಿ ಅಜ್ಜಿ ತೀರಿಕೊಂಡಾಗ, ಏಳನೇ ಕ್ಲಾಸು ಓದಿದ ನಮ್ಮತ್ತೆ ಮೆಟ್ಟಿಲು ಹತ್ತಿ ಹೋಗಿ, ಸೊಸೆಯ ಕೈ ಹಿಡಿದು, ತಮ್ಮ ಅರ್ಧಂಬರ್ಧ ಮರಾಠಿಯಲ್ಲಿ ಕೇಳಿದರು. “ನನ್ನ ಗಂಡನದು ತಪ್ಪಿಹೋಯಿತು, ಅದಕ್ಕೇ ಕೇಳ್ತಿದ್ದೇನೆ. ಬೇಡ ಅಂದ್ರೆ ಬೇಸರವಿಲ್ಲ” ಎಂದರಂತೆ. ಮನೆಯವರು ಐದು ನಿಮಿಷ ತಮ್ಮತಮ್ಮಲ್ಲಿ ಮಾತಾಡಿ ಒಪ್ಪಿದರು. ಸಣ್ಣ ಪೆಟ್ಟಿಗೆ ಹಿಡಿದು ಇಬ್ಬರು ಬಂದರು. ಅರ್ಧ ಗಂಟೆಯೊಳಗೆ ಕೆಲಸ ಮುಗಿಯಿತು. ಒಂದು ರೂಪಾಯಿ ಖರ್ಚಿಲ್ಲ. ಅಜ್ಜಿಯ ಮುಖ ನಿದ್ದೆ ಮಾಡಿದಂತೆಯೇ ಇತ್ತು. ಅವು ಯಾರಿಗೆ ಹೋದವು ಎಂದು ಯಾರಿಗೂ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ಗುಟ್ಟಾಗಿಡುವುದೇ ಕ್ರಮ.

ಈಗ ಅತ್ತೆಯ ಅಡುಗೆಮನೆಯಲ್ಲಿ ಅಣ್ಣಾವ್ರು, ಅಪ್ಪು, ಮಾವ ಮೂವರ ಫೋಟೋಗಳ ಕೆಳಗೆ ಒಂದು ಚೀಟಿ ಇದೆ. ನನ್ನದೇ ಕೈಬರಹ. ಹತ್ತಿರದ ನೇತ್ರ ಬ್ಯಾಂಕಿನ ನಂಬರು, ಅದರ ಕೆಳಗೆ ಕೆಲವು ಸಾಲು: ತಕ್ಷಣ ಫೋನ್ ಮಾಡಿ. ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ. ಫ್ಯಾನ್ ಆರಿಸಿ. ತಲೆಯಡಿ ದಿಂಬು ಕೊಡಿ. ವೈದ್ಯರ ಮರಣಪತ್ರ ಕೈಯಲ್ಲಿರಲಿ. ಸತ್ತವರು ಫಾರ್ಮ್ ತುಂಬಿರಲೇಬೇಕೆಂದಿಲ್ಲ. ತುಂಬಿದ್ದರೂ ಆ ಹೊತ್ತಿಗೆ ಹತ್ತಿರದ ಬಂಧುಗಳು ಒಪ್ಪಿ ಸಹಿ ಹಾಕಬೇಕು. ಎಚ್ಐವಿ, ಹೆಪಟೈಟಿಸ್, ರೇಬೀಸ್‌ನಂಥ ಕೆಲವು ಸೋಂಕುಗಳಿದ್ದರೆ ತೆಗೆದುಕೊಳ್ಳುವುದಿಲ್ಲ. ಅದನ್ನು ಅವರೇ ಪರೀಕ್ಷಿಸುತ್ತಾರೆ. ನನ್ನ ಫೋನಿನಲ್ಲಿರುವ ಚೆಂದದ ಕಾರ್ಡಿಗಿಂತ ಎಣ್ಣೆ ಜಿಡ್ಡು ಹತ್ತಿದ ಆ ಚೀಟಿಗೆ ಬೆಲೆ ಹೆಚ್ಚು.

ಊರು ಬಿಟ್ಟು ಬಂದ ನಮ್ಮಂಥವರಿಗೆ ಇದರಲ್ಲಿ ಒಂದು ತೊಡಕು ಜಾಸ್ತಿ. ಅಪ್ಪ ಅಮ್ಮ ಅಲ್ಲಿ, ನಾವು ಇಲ್ಲಿ. ನಾವು ಮತ್ಸ್ಯಗಂಧ ಹಿಡಿದು ಊರು ಮುಟ್ಟುವಷ್ಟರಲ್ಲಿ ಆರು ಗಂಟೆ ಎಂದೋ ಕಳೆದಿರುತ್ತದೆ. ಹಾಗಾಗಿ ಮಾತು ಮೊದಲೇ ಆಗಬೇಕು, ಪಕ್ಕದ ಮನೆಯವರಿಗೂ ಗೊತ್ತಿರಬೇಕು. ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಮ್ಮನ ಹತ್ತಿರ ಕೇಳಿದೆ. ಬೈಗುಳ ನಿರೀಕ್ಷಿಸಿದ್ದೆ. ಅಮ್ಮ ಕಾಯಿ ತುರಿಯುತ್ತಲೇ, “ಅಣ್ಣಂದು ಹೋಯ್ತಲ್ದಾ, ನಂದಾದ್ರೂ ಆಯ್ಲಿ” ಎಂದರು.

ಈ ವಾರ ಊರಿಗೆ ಫೋನ್ ಮಾಡುತ್ತೀರಲ್ಲ, ಊಟ ಆಯ್ತಾ, ಮಳೆ ಹೇಗಿದೆ ಎಂದು ಕೇಳಿದ ಮೇಲೆ ಇದನ್ನೂ ಒಂದು ಮಾತು ಕೇಳಿಬಿಡಿ. ಅವರಿಗೆ ಬೇಸರವಾದೀತು ಎಂದು ನೀವು ಅಂದುಕೊಂಡಿರಬಹುದು. ನಿಮಗೆ ಬೇಸರವಾದೀತು ಎಂದು ಅವರೂ ಸುಮ್ಮನಿರಬಹುದು.