ಬೇರಿನ ಸಂದೇಶ

ಮಣ್ಣಿನ ತೇವ ಆರತೊಡಗಿದುದು ಬೇರಿಗೆ ತಿಳಿಯುತ್ತದೆ. ಆದರೆ ಗಿಡದ ನೀರು ಹೆಚ್ಚಾಗಿ ಆವಿಯಾಗಿ ಹೋಗುವುದು ಎಲೆಯ ಪತ್ರರಂಧ್ರಗಳ ಮೂಲಕ. ಪ್ರಾಣಿಗಳಿಗಿರುವಂತಹ ನರಗಳು ಗಿಡಕ್ಕಿಲ್ಲ. ಹಾಗಾದರೆ ಬೇರು ಎಲೆಯನ್ನು ಎಚ್ಚರಿಸುವುದು ಹೇಗೆ?

ಇದಕ್ಕೆ ಉತ್ತರವೊಂದನ್ನು ಜಪಾನಿನ ರೈಕೆನ್ ಸಂಸ್ಥೆಯ ಫುಮಿನೋರಿ ತಕಹಾಶಿ ಮತ್ತು ಅವರ ಸಂಗಡಿಗರು 2018ರಲ್ಲಿ ಪ್ರಕಟಿಸಿದರು. ಅವರು ಪ್ರಯೋಗಕ್ಕೆ ಆರಿಸಿಕೊಂಡುದು ಸಾಸಿವೆಯ ಕುಟುಂಬಕ್ಕೆ ಸೇರಿದ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡವನ್ನು. ಅಮೈನೊ ಆಮ್ಲಗಳು ಸರಪಣಿಯಂತೆ ಕೂಡಿ ಪ್ರೋಟೀನು ಆಗುವುದಷ್ಟೆ. ಅಂತಹ ಕಿರು ಸರಪಣಿಯೇ ಪೆಪ್ಟೈಡು. ನೀರಿನ ಕೊರತೆಯಾದಾಗ ಈ ಗಿಡದ ಬೇರು, ಕೇವಲ 12 ಅಮೈನೊ ಆಮ್ಲಗಳುಳ್ಳ ಸಿಎಲ್‌ಇ25 ಎಂಬ ಪೆಪ್ಟೈಡನ್ನು ಹೆಚ್ಚಾಗಿ ತಯಾರಿಸುತ್ತದೆ. ಅದು ನಾಳಗಳ ಮೂಲಕ ಎಲೆಯನ್ನು ಸೇರಿ, ಅಲ್ಲಿ ಆಬ್ಸಿಸಿಕ್ ಆಮ್ಲವೆಂಬ ಹಾರ್ಮೋನಿನ ಉತ್ಪತ್ತಿಯನ್ನು ಹೆಚ್ಚಿಸುತ್ತದೆ. ಆ ಹಾರ್ಮೋನು ಪತ್ರರಂಧ್ರಗಳನ್ನು ಮುಚ್ಚಿಸುತ್ತದೆ, ನೀರು ಉಳಿಯುತ್ತದೆ. ಈ ಪೆಪ್ಟೈಡನ್ನು ತಯಾರಿಸಲಾರದ ಗಿಡಗಳು ನೀರಿನ ಅಭಾವವನ್ನು ಸರಿಯಾಗಿ ತಾಳಿಕೊಳ್ಳಲಾರದೆ ಹೋದವು.

ಈ ಉಳಿತಾಯದಿಂದ ನಷ್ಟವೂ ಉಂಟು. ರಂಧ್ರಗಳು ಮುಚ್ಚಿದರೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡು ಎಲೆಯೊಳಗೆ ಬಾರದು; ಆಹಾರದ ತಯಾರಿಕೆ ತಗ್ಗಿ, ಬೆಳವಣಿಗೆ ಕುಂಠಿತವಾಗುತ್ತದೆ. ಆದರೂ ಬರಗಾಲದಲ್ಲಿ ಬೆಳೆಯುವುದಕ್ಕಿಂತ ಜೀವ ಉಳಿಸಿಕೊಳ್ಳುವುದು ಮೊದಲು. ಇಂತಹ ಮಹತ್ತ್ವದ ನಿರ್ಣಯದಲ್ಲಿ ಕಣ್ಣಿಗೆ ಕಾಣದ ಕಿರಿಯ ಅಣುವಿಗೂ ಪಾಲುಂಟೆಂಬುದು ಅಚ್ಚರಿಯ ಸಂಗತಿಯಲ್ಲವೇ?