ನೋಡ್‌ಮಾನ್

ನೋಡ್‌ಮಾನ್ ಎಂಬುದು ನೋಡ್.ಜೆಎಸ್ ಆಧಾರಿತ ಅನ್ವಯಗಳನ್ನು ಅಭಿವೃದ್ಧಿಪಡಿಸುವಾಗ ಬಳಸುವ ಒಂದು ಮುಕ್ತ ಆಕರ ತಂತ್ರಾಂಶ ಸಾಧನ. ಯೋಜನೆಯ ಕಡತಗಳಲ್ಲಿ ಬದಲಾವಣೆಯಾದೊಡನೆ ಇದು ಚಾಲನೆಯಲ್ಲಿರುವ ಅನ್ವಯವನ್ನು ನಿಲ್ಲಿಸಿ, ಹೊಸ ಕೋಡ್‌ನೊಂದಿಗೆ ಮತ್ತೆ ಆರಂಭಿಸುತ್ತದೆ. ಬ್ರಿಟನ್ನಿನ ತಂತ್ರಾಂಶ ಅಭಿವೃದ್ಧಿಕಾರ ರೆಮಿ ಶಾರ್ಪ್ ಇದನ್ನು 2010ರಲ್ಲಿ ರಚಿಸಿದರು. ಎಮ್‌ಐಟಿ ಪರವಾನಗಿಯಡಿ ಲಭ್ಯವಿರುವ ಈ ಸಾಧನವು ಎನ್‌ಪಿಎಮ್ ಭಂಡಾರದ ಮೂಲಕ ವಿತರಣೆಯಾಗುತ್ತದೆ.

ಹಿನ್ನೆಲೆ

ರಯಾನ್ ಡಾಲ್ 2009ರಲ್ಲಿ ಪರಿಚಯಿಸಿದ ನೋಡ್.ಜೆಎಸ್, ಜಾವಾಸ್ಕ್ರಿಪ್ಟ್ ಭಾಷೆಯನ್ನು ಬ್ರೌಸರಿನ ಹೊರಗೆ, ಮುಖ್ಯವಾಗಿ ಸರ್ವರ್‌ಗಳಲ್ಲಿ, ಬಳಸಲು ಅನುವು ಮಾಡಿಕೊಟ್ಟಿತು. ನೋಡ್.ಜೆಎಸ್ ಒಮ್ಮೆ ಓದಿದ ಕಡತವನ್ನು ಸ್ಮೃತಿಯಲ್ಲಿ ಇರಿಸಿಕೊಳ್ಳುತ್ತದೆ. ಆ ಬಳಿಕ ಕಡತವನ್ನು ತಿದ್ದಿದರೂ ಅನ್ವಯವು ಹಳೆಯ ಕೋಡ್‌ನಂತೆಯೇ ನಡೆಯುತ್ತಿರುತ್ತದೆ. ಆದ್ದರಿಂದ ಪ್ರತಿ ತಿದ್ದುಪಡಿಯ ನಂತರ ಅನ್ವಯವನ್ನು ಕೈಯಾರೆ ನಿಲ್ಲಿಸಿ ಮತ್ತೆ ಆರಂಭಿಸಬೇಕಾಗುತ್ತದೆ. ಈ ಕೆಲಸವನ್ನು ಸ್ವಯಂಚಾಲಿತಗೊಳಿಸುವುದೇ ನೋಡ್‌ಮಾನ್‌ನ ಉದ್ದೇಶ.

ಕಾರ್ಯವಿಧಾನ

ನೋಡ್‌ಮಾನ್‌ನ ಕಾರ್ಯವನ್ನು ಮೂರು ಹಂತಗಳಾಗಿ ಗುರುತಿಸಬಹುದು.

1. ಗಮನಿಸುವುದು: ಚೋಕಿಡಾರ್ ಎಂಬ ಗ್ರಂಥಾಲಯದ ನೆರವಿನಿಂದ ಕಡತಗಳ ಬದಲಾವಣೆಯನ್ನು ಗಮನಿಸಲಾಗುತ್ತದೆ. ಈ ಮಾಹಿತಿಯನ್ನು ಒದಗಿಸುವುದು ಕಾರ್ಯಾಚರಣ ವ್ಯವಸ್ಥೆ. ಲಿನಕ್ಸ್‌ನಲ್ಲಿ ಐನೋಟಿಫೈ ಎಂಬ ಸೌಲಭ್ಯ ಇದಕ್ಕಾಗಿಯೇ ಇದೆ. ಪೂರ್ವನಿಯೋಜಿತವಾಗಿ ಜೆಎಸ್, ಎಮ್‌ಜೆಎಸ್, ಸಿಜೆಎಸ್, ಜೇಸನ್ ಮೊದಲಾದ ವಿಸ್ತರಣೆಗಳುಳ್ಳ ಕಡತಗಳನ್ನು ಮಾತ್ರ ಗಮನಿಸಲಾಗುತ್ತದೆ. ನೋಡ್_ಮಾಡ್ಯೂಲ್ಸ್ ಮತ್ತು .ಗಿಟ್ ಕಡತಕೋಶಗಳನ್ನು ಕೈಬಿಡಲಾಗುತ್ತದೆ.
2. ನಿಲ್ಲಿಸುವುದು: ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಚಾಲನೆಯಲ್ಲಿರುವ ಪ್ರಕ್ರಿಯೆಗೆ ಸಿಗ್‌ಯೂಎಸ್‌ಆರ್2 ಎಂಬ ಸಂಜ್ಞೆಯನ್ನು ಕಳುಹಿಸಲಾಗುತ್ತದೆ.
3. ಆರಂಭಿಸುವುದು: ಮೊದಲು ನೀಡಿದ್ದ ಆದೇಶವನ್ನೇ ಮತ್ತೆ ಚಲಾಯಿಸಲಾಗುತ್ತದೆ.

ಟರ್ಮಿನಲ್‌ನಲ್ಲಿ 'ಆರ್‌ಎಸ್' ಎಂಬ ಎರಡು ಅಕ್ಷರಗಳನ್ನು ಬರೆದು ಎಂಟರ್ ಕೀಲಿ ಒತ್ತಿದರೆ, ಯಾವ ಕಡತವೂ ಬದಲಾಗದಿದ್ದರೂ ಅನ್ವಯ ಮರಳಿ ಆರಂಭವಾಗುತ್ತದೆ. ಆಯ್ಕೆಗಳನ್ನು ಆದೇಶದ ಜೊತೆಗೆ ನೀಡಬಹುದು ಅಥವಾ ಯೋಜನೆಯ ಕಡತಕೋಶದಲ್ಲಿರುವ ನೋಡ್‌ಮಾನ್.ಜೇಸನ್ ಕಡತದಲ್ಲಿ ಬರೆದಿಡಬಹುದು.

ದೋಷಗಳ ಪತ್ತೆ ಮತ್ತು ಪರಿಹಾರ

ತೊಂದರೆ ಎದುರಾದಾಗ ಅದು ಮೇಲಿನ ಮೂರು ಹಂತಗಳಲ್ಲಿ ಯಾವುದಕ್ಕೆ ಸೇರಿದ್ದೆಂದು ಮೊದಲು ತಿಳಿಯುವುದು ಉಪಯುಕ್ತ. 'ಆರ್‌ಎಸ್' ನೀಡಿದಾಗ ಅನ್ವಯವು ಸರಿಯಾಗಿ ಮರಳಿ ಆರಂಭವಾದರೆ, ನಿಲ್ಲಿಸುವ ಮತ್ತು ಆರಂಭಿಸುವ ಹಂತಗಳಲ್ಲಿ ದೋಷವಿಲ್ಲವೆಂದೂ ಗಮನಿಸುವ ಹಂತದಲ್ಲಿ ದೋಷವಿದೆಯೆಂದೂ ಊಹಿಸಬಹುದು. '--ವರ್ಬೋಸ್' ಆಯ್ಕೆಯು ಯಾವ ಕಡತದಿಂದಾಗಿ ಮರು ಆರಂಭವಾಯಿತು ಎಂಬುದನ್ನು ತೋರಿಸುತ್ತದೆ. '--ಡಂಪ್' ಆಯ್ಕೆಯು ಜಾರಿಯಲ್ಲಿರುವ ಎಲ್ಲ ಆಯ್ಕೆಗಳನ್ನು ಮುದ್ರಿಸುತ್ತದೆ.

ಆದೇಶ ಸಿಗದಿರುವುದು

ನೋಡ್‌ಮಾನ್ ಎಂಬ ಆದೇಶವೇ ಇಲ್ಲವೆಂಬ ಸಂದೇಶ ಬಂದರೆ, ಸಾಧನವು ಯೋಜನೆಯ ಒಳಗೆ ಮಾತ್ರ ಸ್ಥಾಪನೆಯಾಗಿರಬಹುದು ಅಥವಾ ಅದರ ಸ್ಥಳವು ವ್ಯವಸ್ಥೆಯ ಹುಡುಕು ಪಥದಲ್ಲಿ ಇಲ್ಲದಿರಬಹುದು. ಎನ್‌ಪಿಎಕ್ಸ್ ಮೂಲಕ ಚಲಾಯಿಸುವುದು, ಇಲ್ಲವೇ ಪ್ಯಾಕೇಜ್.ಜೇಸನ್ ಕಡತದ ಸ್ಕ್ರಿಪ್ಟ್ಸ್ ಭಾಗದಲ್ಲಿ ಆದೇಶವನ್ನು ಬರೆದು ಎನ್‌ಪಿಎಮ್ ರನ್ ಮೂಲಕ ಚಲಾಯಿಸುವುದು ಇದಕ್ಕೆ ಪರಿಹಾರ. ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ಸ್ಕ್ರಿಪ್ಟ್‌ಗಳನ್ನು ಚಲಾಯಿಸುವುದಕ್ಕೆ ನಿರ್ಬಂಧವಿದ್ದರೂ ಆದೇಶ ನಡೆಯುವುದಿಲ್ಲ. ಆಗ ಕಮಾಂಡ್ ಪ್ರಾಂಪ್ಟ್ ಬಳಸಬಹುದು ಅಥವಾ ಪ್ರಸ್ತುತ ಬಳಕೆದಾರರಿಗೆ ಸೀಮಿತವಾಗಿ ನಿರ್ಬಂಧವನ್ನು ಸಡಿಲಿಸಬಹುದು.

ಬದಲಾವಣೆ ಗಮನಕ್ಕೆ ಬಾರದಿರುವುದು

ಎಚ್‌ಟಿಎಮ್‌ಎಲ್ ಅಥವಾ ಸಿಎಸ್‌ಎಸ್ ಕಡತವನ್ನು ತಿದ್ದಿದಾಗ ಅನ್ವಯವು ಮರಳಿ ಆರಂಭವಾಗದಿರುವುದು ದೋಷವಲ್ಲ. ಆ ವಿಸ್ತರಣೆಗಳು ಪೂರ್ವನಿಯೋಜಿತ ಪಟ್ಟಿಯಲ್ಲಿಲ್ಲ. '--ಎಕ್ಸ್‌ಟಿ' ಆಯ್ಕೆಯಿಂದ ಅವುಗಳನ್ನು ಸೇರಿಸಬಹುದು. ಹೀಗೆ ಮಾಡುವಾಗ ಹೊಸ ಪಟ್ಟಿಯು ಹಳೆಯದರ ಸ್ಥಾನಕ್ಕೆ ಬರುವುದರಿಂದ, ಜೆಎಸ್ ಮತ್ತು ಜೇಸನ್ ವಿಸ್ತರಣೆಗಳನ್ನೂ ಮತ್ತೆ ನಮೂದಿಸಬೇಕು.

ಡಾಕರ್ ಕಂಟೇನರ್‌ಗೆ ಹೊರಗಿನಿಂದ ಜೋಡಿಸಿದ ಕಡತಕೋಶಗಳಲ್ಲಿ, ಜಾಲದ ಮೂಲಕ ಹಂಚಿಕೊಂಡ ಡಿಸ್ಕ್‌ಗಳಲ್ಲಿ ಹಾಗೂ ವಿಂಡೋಸ್‌ನ ಡಬ್ಲ್ಯುಎಸ್‌ಎಲ್2 ಒಳಗಿನಿಂದ ವಿಂಡೋಸ್ ಡಿಸ್ಕ್‌ನ ಕಡತಗಳನ್ನು ಬಳಸುವಾಗ ಬದಲಾವಣೆಯ ಸೂಚನೆ ನೋಡ್‌ಮಾನ್‌ಗೆ ತಲುಪದೆ ಹೋಗಬಹುದು. '--ಲೆಗಸಿ-ವಾಚ್' ಆಯ್ಕೆಯು ಸೂಚನೆಗಾಗಿ ಕಾಯದೆ, ಕಡತಗಳನ್ನು ನಿಗದಿತ ಅವಧಿಗೊಮ್ಮೆ ತಾನೇ ಪರೀಕ್ಷಿಸುತ್ತದೆ. ಇದರಿಂದ ಸಂಸ್ಕಾರಕದ ಮೇಲಿನ ಹೊರೆ ಹೆಚ್ಚುತ್ತದೆ. ಡಬ್ಲ್ಯುಎಸ್‌ಎಲ್2ರಲ್ಲಿ ಯೋಜನೆಯನ್ನು ಲಿನಕ್ಸ್ ಭಾಗಕ್ಕೆ ಸ್ಥಳಾಂತರಿಸುವುದು ಹೆಚ್ಚು ಉತ್ತಮ ಪರಿಹಾರ.

ಲಿನಕ್ಸ್‌ನಲ್ಲಿ ಈನೋಎಸ್‌ಪಿಸಿ ಎಂಬ ದೋಷ ಸಂದೇಶವೂ ಕಾಣಿಸಿಕೊಳ್ಳುವುದುಂಟು. ಡಿಸ್ಕ್‌ನಲ್ಲಿ ಸ್ಥಳವಿಲ್ಲವೆಂಬ ಅರ್ಥದ ಸಂದೇಶವಾದರೂ ಇಲ್ಲಿ ಅದರ ಕಾರಣ ಬೇರೆ: ಒಬ್ಬ ಬಳಕೆದಾರರು ಏಕಕಾಲಕ್ಕೆ ಗಮನಿಸಬಹುದಾದ ಕಡತಗಳ ಮಿತಿ ಮೀರಿರುತ್ತದೆ. ಹಳೆಯ ಕರ್ನೆಲ್‌ಗಳಲ್ಲಿ ಈ ಮಿತಿ ಸಾಮಾನ್ಯವಾಗಿ 8192 ಇತ್ತು. ಮಿತಿಯನ್ನು ಹೆಚ್ಚಿಸಬಹುದು; ಅದಕ್ಕೂ ಮೊದಲು '--ವಾಚ್' ಆಯ್ಕೆಯಿಂದ ಅಗತ್ಯವಿರುವ ಕಡತಕೋಶವನ್ನು ಮಾತ್ರ ಗಮನಿಸುವಂತೆ ಮಾಡುವುದು ಸೂಕ್ತ.

ಕೊನೆಯಿಲ್ಲದ ಮರು ಆರಂಭ

ಅನ್ವಯವು ತಾನೇ ಬರೆಯುವ ಕಡತವನ್ನು ನೋಡ್‌ಮಾನ್ ಗಮನಿಸುತ್ತಿದ್ದರೆ ಮರು ಆರಂಭದ ಸುಳಿ ಉಂಟಾಗುತ್ತದೆ. ಉದಾಹರಣೆಗೆ, ಸಕಲೇಶಪುರ ಭಾಗದ ಹೆಗ್ಗದ್ದೆಯಂತಹ ಊರಿನ ಕಾಫಿ ತೋಟವೊಂದಕ್ಕಾಗಿ, ದಿನದ ಮಳೆಯನ್ನು ಇಂಚು ಮತ್ತು ಸೆಂಟುಗಳಲ್ಲಿ ದಾಖಲಿಸುವ ಸಣ್ಣ ಅನ್ವಯವೊಂದನ್ನು ಬರೆಯಲಾಗುತ್ತಿದೆ ಎಂದುಕೊಳ್ಳಬಹುದು. ದಾಖಲೆಗಳು ಮಳೆ.ಜೇಸನ್ ಎಂಬ ಕಡತದಲ್ಲಿ ಸಂಗ್ರಹವಾಗುತ್ತವೆ. ಜೇಸನ್ ವಿಸ್ತರಣೆಯು ಪೂರ್ವನಿಯೋಜಿತ ಪಟ್ಟಿಯಲ್ಲಿರುವುದರಿಂದ ಪ್ರತಿ ದಾಖಲೆಯೂ ಸರ್ವರನ್ನು ಮರಳಿ ಆರಂಭಿಸುತ್ತದೆ. ಆರಂಭವಾಗುವಾಗಲೇ ಅನ್ವಯವು ಆ ಕಡತಕ್ಕೆ ಏನಾದರೂ ಬರೆಯುವುದಾದರೆ ಈ ಸುಳಿಗೆ ಕೊನೆಯೇ ಇರುವುದಿಲ್ಲ. ದತ್ತಾಂಶವನ್ನು ಪ್ರತ್ಯೇಕ ಕಡತಕೋಶದಲ್ಲಿರಿಸಿ, '--ಇಗ್ನೋರ್' ಆಯ್ಕೆಯಿಂದ ಅದನ್ನು ಕೈಬಿಡುವುದು ಪರಿಹಾರ.

ದತ್ತಾಂಶ ನಷ್ಟ

ಮೇಲಿನ ಉದಾಹರಣೆಯಲ್ಲಿ ಮರು ಆರಂಭದ ಕಿರಿಕಿರಿಗಿಂತ ದೊಡ್ಡ ಅಪಾಯವೂ ಇದೆ. ನೋಡ್.ಜೆಎಸ್‌ನ ಸಾಮಾನ್ಯ ಬರವಣಿಗೆಯ ಆದೇಶವು ಕಡತವನ್ನು ಮೊದಲು ಬರಿದುಮಾಡಿ ಅನಂತರ ಹೊಸ ವಿಷಯವನ್ನು ತುಂಬುತ್ತದೆ. ಈ ಎರಡರ ನಡುವೆ ಪ್ರಕ್ರಿಯೆ ಕೊನೆಗೊಂಡರೆ ಆ ದಿನದ ಮಳೆ ಮಾತ್ರವಲ್ಲ, ಅಲ್ಲಿಯವರೆಗಿನ ಇಡೀ ಹಂಗಾಮಿನ ದಾಖಲೆಯೇ ಅಳಿಯಬಹುದು. ಹೊಸ ವಿಷಯವನ್ನು ತಾತ್ಕಾಲಿಕ ಕಡತದಲ್ಲಿ ಪೂರ್ತಿಯಾಗಿ ಬರೆದು, ಬಳಿಕ ಅದಕ್ಕೆ ಮೂಲ ಕಡತದ ಹೆಸರನ್ನು ನೀಡುವ ಕ್ರಮದಿಂದ ಈ ಅಪಾಯವನ್ನು ತಪ್ಪಿಸಬಹುದು.

ಅನ್ವಯವು ಸಿಗ್‌ಯೂಎಸ್‌ಆರ್2 ಸಂಜ್ಞೆಯನ್ನು ತಾನೇ ಸ್ವೀಕರಿಸಿ, ಉಳಿದ ಕೆಲಸ ಮುಗಿಸಿದ ನಂತರ ಕೊನೆಗೊಳ್ಳುವಂತೆಯೂ ಬರೆಯಬಹುದು. ಆಗ ಕೆಲಸ ಮುಗಿದ ಮೇಲೆ ಅದೇ ಸಂಜ್ಞೆಯನ್ನು ತನಗೆ ತಾನೇ ಮತ್ತೆ ಕಳುಹಿಸಿಕೊಳ್ಳಬೇಕು. ಇಲ್ಲದಿದ್ದರೆ ಹಳೆಯ ಪ್ರಕ್ರಿಯೆ ಕೊನೆಗೊಳ್ಳದೆ ಉಳಿಯುತ್ತದೆ.

ಪೋರ್ಟ್ ಬಳಕೆಯಲ್ಲಿರುವುದು

ಈಎಡಿಡಿಆರ್‌ಇನ್‌ಯೂಸ್ ಎಂಬ ಸಂದೇಶವು, ಅನ್ವಯಕ್ಕೆ ಬೇಕಾದ ಪೋರ್ಟನ್ನು ಬೇರೊಂದು ಪ್ರಕ್ರಿಯೆ ಹಿಡಿದುಕೊಂಡಿದೆ ಎಂಬುದನ್ನು ತಿಳಿಸುತ್ತದೆ. ಬಹುತೇಕ ಸಂದರ್ಭಗಳಲ್ಲಿ ಅದು ಅದೇ ಅನ್ವಯದ ಹಳೆಯ ಪ್ರತಿಯೇ ಆಗಿರುತ್ತದೆ. ಕಂಟ್ರೋಲ್ ಮತ್ತು ಝೆಡ್ ಕೀಲಿಗಳನ್ನು ಒತ್ತಿದಾಗ ಪ್ರಕ್ರಿಯೆಯು ಕೊನೆಗೊಳ್ಳುವುದಿಲ್ಲ. ಸ್ಥಗಿತಗೊಂಡು, ಪೋರ್ಟನ್ನು ಹಿಡಿದೇ ಇರುತ್ತದೆ. ಲಿನಕ್ಸ್ ಮತ್ತು ಮ್ಯಾಕ್‌ಓಎಸ್‌ಗಳಲ್ಲಿ ಎಲ್‌ಎಸ್‌ಓಎಫ್, ವಿಂಡೋಸ್‌ನಲ್ಲಿ ನೆಟ್‌ಸ್ಟ್ಯಾಟ್ ಆದೇಶದಿಂದ ಆ ಪ್ರಕ್ರಿಯೆಯ ಸಂಖ್ಯೆಯನ್ನು ತಿಳಿದು ಅದನ್ನು ಕೊನೆಗೊಳಿಸಬಹುದು. ನೋಡ್‌ಮಾನ್ ಅನ್ನು ನಿಲ್ಲಿಸಲು ಕಂಟ್ರೋಲ್ ಮತ್ತು ಸಿ ಕೀಲಿಗಳನ್ನು ಬಳಸಬೇಕು.

ಬಳಕೆಯ ಮಿತಿ

ನೋಡ್‌ಮಾನ್ ಅಭಿವೃದ್ಧಿಯ ಹಂತಕ್ಕಾಗಿ ರೂಪುಗೊಂಡ ಸಾಧನ. ಅನ್ವಯವು ದೋಷದಿಂದ ಕುಸಿದರೆ ನೋಡ್‌ಮಾನ್ ಆ ವಿಷಯವನ್ನು ತಿಳಿಸಿ, ಕಡತವೊಂದು ಬದಲಾಗುವವರೆಗೆ ಕಾಯುತ್ತದೆ. ಕೋಡ್ ತಿದ್ದುತ್ತಿರುವವರಿಗೆ ಇದು ಸರಿಯಾದ ನಡವಳಿಕೆ. ದೋಷವನ್ನು ಸರಿಪಡಿಸದೆ ಮತ್ತೆ ಆರಂಭಿಸುವುದರಿಂದ ಪ್ರಯೋಜನವಿಲ್ಲ. ಆದರೆ ಸಾರ್ವಜನಿಕ ಬಳಕೆಯ ಸರ್ವರ್‌ನಲ್ಲಿ ಕಡತಗಳನ್ನು ತಿದ್ದುವವರು ಯಾರೂ ಇರುವುದಿಲ್ಲ. ರಾತ್ರಿ ಕುಸಿದ ಅನ್ವಯವು ಯಾರಾದರೂ ಗಮನಿಸುವವರೆಗೆ ಹಾಗೆಯೇ ಉಳಿಯುತ್ತದೆ. ಅಂತಹ ಕಡೆ ಸಿಸ್ಟಮ್‌ಡಿ ಅಥವಾ ಪಿಎಮ್2 ನಂತಹ ಪ್ರಕ್ರಿಯಾ ನಿರ್ವಾಹಕಗಳನ್ನು ಬಳಸಲಾಗುತ್ತದೆ.

2018ರ ಭದ್ರತಾ ಪ್ರಕರಣ

2018ರ ನವೆಂಬರ್‌ನಲ್ಲಿ, ನೋಡ್‌ಮಾನ್ ಪರೋಕ್ಷವಾಗಿ ಅವಲಂಬಿಸಿದ್ದ ಇವೆಂಟ್-ಸ್ಟ್ರೀಮ್ ಎಂಬ ಪ್ಯಾಕೇಜಿನ ಮೂಲಕ ಫ್ಲಾಟ್‌ಮ್ಯಾಪ್-ಸ್ಟ್ರೀಮ್ ಎಂಬ ದುರುದ್ದೇಶದ ಪ್ಯಾಕೇಜು ಹರಡಿದ್ದುದು ಬೆಳಕಿಗೆ ಬಂತು. ಕೋಪೇ ಎಂಬ ಬಿಟ್‌ಕಾಯಿನ್ ವ್ಯಾಲೆಟ್ ಇದರ ಗುರಿಯಾಗಿತ್ತು. ನೋಡ್‌ಮಾನ್ ಚಲಾಯಿಸುವಾಗ ಕಾಣಿಸುತ್ತಿದ್ದ, ಬಳಕೆ ತಪ್ಪಿದ ಗೂಢಲಿಪಿ ಸೌಲಭ್ಯವೊಂದರ ಕುರಿತ ಎಚ್ಚರಿಕೆಯ ಸಾಲಿನ ಮೂಲವನ್ನು ಹುಡುಕಿದ್ದು ಈ ಪತ್ತೆಗೆ ದಾರಿಯಾಯಿತು. ಅನ್ವಯವು ಸರಿಯಾಗಿ ನಡೆಯುತ್ತಿರುವಾಗಲೂ ಎಚ್ಚರಿಕೆಯ ಸಂದೇಶಗಳನ್ನು ಕಡೆಗಣಿಸಬಾರದು ಎಂಬುದಕ್ಕೆ ಈ ಪ್ರಕರಣವು ನಿದರ್ಶನ.

ಪರ್ಯಾಯಗಳು

2022ರಲ್ಲಿ ಬಿಡುಗಡೆಯಾದ ನೋಡ್.ಜೆಎಸ್ 18.11 ಆವೃತ್ತಿಯಲ್ಲಿ '--ವಾಚ್' ಎಂಬ ಆಯ್ಕೆಯನ್ನು ಪ್ರಾಯೋಗಿಕವಾಗಿ ಸೇರಿಸಲಾಯಿತು. 22ನೇ ಆವೃತ್ತಿಯಲ್ಲಿ ಅದು ಸ್ಥಿರ ಸೌಲಭ್ಯವಾಯಿತು. ಈ ಆಯ್ಕೆಯು ಪೂರ್ವನಿಯೋಜಿತವಾಗಿ, ಅನ್ವಯದ ಮುಖ್ಯ ಕಡತವನ್ನು ಹಾಗೂ ಅದು ಕೋಡ್‌ನ ಭಾಗವಾಗಿ ಆಮದು ಮಾಡಿಕೊಂಡ ಕಡತಗಳನ್ನು ಗಮನಿಸುತ್ತದೆ. ಸರಳ ಯೋಜನೆಗಳಿಗೆ ಇದು ಸಾಕಾಗುತ್ತದೆ. ಇತರ ಭಾಷೆಗಳ ಕ್ರಮವಿಧಿಗಳನ್ನು ಚಲಾಯಿಸುವ '--ಎಕ್ಸೆಕ್', ಮರು ಆರಂಭವನ್ನು ತಡಮಾಡುವ '--ಡಿಲೇ' ಮೊದಲಾದ ಆಯ್ಕೆಗಳು ಬೇಕಾದೆಡೆ ನೋಡ್‌ಮಾನ್ ಬಳಕೆಯಲ್ಲಿದೆ.